ಗೆಲ್ಲುವ ಚಾನ್ಸ್ ಶೇ. 141: ಸ್ಟೈನರ್ ಲೆಕ್ಕ ತಪ್ಪಿದ್ದು ಎಲ್ಲಿ?

2008ರಲ್ಲಿ ಅಮೆರಿಕದ ಟಿಎನ್‌ಎ ಕುಸ್ತಿ ಕಂಪನಿ 'ಸ್ಯಾಕ್ರಿಫೈಸ್' ಅಂತ ಒಂದು ಶೋ ಇಟ್ಟುಕೊಂಡಿತ್ತು. ಮುಖ್ಯ ಪಂದ್ಯಕ್ಕೆ ಮೂವರು: ಚಾಂಪಿಯನ್ ಸಮೋವಾ ಜೋ, ಕರ್ಟ್ ಆಂಗಲ್, ಸ್ಕಾಟ್ ಸ್ಟೈನರ್. ಪಂದ್ಯಕ್ಕೆ ಮುಂಚೆ ಕ್ಯಾಮೆರಾ ಎದುರು ಎದುರಾಳಿಗೆ ಸವಾಲು ಹಾಕೋದು ಈ ಆಟದ ಪದ್ಧತಿ. ಸ್ಟೈನರ್ ಅಬ್ಬರಿಸುತ್ತಲೇ ಗಣಿತಕ್ಕೆ ಇಳಿದುಬಿಟ್ಟರು.

ಇಬ್ಬರೇ ಆಡಿದರೆ ಮಾಮೂಲಿಯಾಗಿ ಫಿಫ್ಟಿ-ಫಿಫ್ಟಿ. ಆದರೆ ನಾನು ಮಾಮೂಲಿ ಮನುಷ್ಯ ಅಲ್ಲ, ಹಾಗಾಗಿ ಜೋಗೆ ಹೆಚ್ಚೆಂದರೆ ಶೇ. 25. ಮೂವರು ಆಡಿದರೆ ಜೋಗೆ ಶೇ. 33⅓. ನನಗೆ ಶೇ. 66⅔, ಯಾಕಂದ್ರೆ ನನ್ನನ್ನು ಸೋಲಿಸೋಕೆ ಆಗಲ್ಲ ಅಂತ ಆಂಗಲ್‌ಗೆ ಗೊತ್ತು, ಅವನು ಪ್ರಯತ್ನವನ್ನೂ ಮಾಡಲ್ಲ. ಇದು ಅವರ ವಾದ. ಇಲ್ಲಿಗೆ ನಿಲ್ಲಿಸಿದ್ದರೆ ಬಚಾವಾಗುತ್ತಿದ್ದರು, ಒಟ್ಟು ಸರಿಯಾಗಿ 100 ಆಗುತ್ತಿತ್ತು. ನಿಲ್ಲಿಸಲಿಲ್ಲ. ಜೋನ 33⅓ರಲ್ಲಿ 25 ಕಳೆದರು, 8⅓ ಉಳಿಯಿತು. ತಮ್ಮ 66⅔ಕ್ಕೆ, ಜೋ ಒಬ್ಬನೇ ಎದುರಿದ್ದರೆ ತಮಗೆ ಸಿಗುತ್ತಿದ್ದ 75 ಕೂಡಿಸಿದರು. 141⅔!

ತಮಾಷೆ ಏನಂದ್ರೆ, ಕೂಡಿದ್ದೂ ಸರಿ, ಕಳೆದಿದ್ದೂ ಸರಿ. ಅದೂ ಭಿನ್ನರಾಶಿ ಸಮೇತ. ಎಡವಟ್ಟಾಗಿದ್ದು ಇಬ್ಬರ ಪಂದ್ಯದ ಅಂಕಿಯನ್ನು ಮೂವರ ಪಂದ್ಯಕ್ಕೆ ತಂದು ಸೇರಿಸಿದ್ದರಲ್ಲಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಸ್ಟೈನರ್, ಜೋ ಇಬ್ಬರ ಚಾನ್ಸ್ ಸೇರಿಸಿದರೆ 150 ಆಗುತ್ತೆ. ಆಂಗಲ್‌ಗೆ ಒಂದು ಪೈಸೆ ಕೊಡದೆಯೂ 50 ಜಾಸ್ತಿ.

ಮೇ 11ರಂದು ಪಂದ್ಯ ನಡೆಯಿತು. ಗಾಯಗೊಂಡಿದ್ದ ಆಂಗಲ್ ಆಡಲೇ ಇಲ್ಲ, ಬದಲಿಗೆ ಕ್ಯಾಜ್ ಬಂದರು. ಗೆದ್ದಿದ್ದು ಶೇ. 8⅓ರ ಜೋ.

ಕ್ಲಿಪ್ ಮಾತ್ರ ಸೋಲಲಿಲ್ಲ. 'ಸ್ಟೈನರ್ ಮ್ಯಾಥ್' ಅಂತ ಹೆಸರಾಯಿತು. ಆ ಭಾಷಣದಲ್ಲಿ ಹೆಸರು ಬದಲಿಸಿ ಯಾವ ಪೈಪೋಟಿಗೆ ಬೇಕಾದರೂ ಅಂಟಿಸಬಹುದು. ಎಲ್ಲರೂ ನಗೋದು ಕೊನೆಯ 141ಕ್ಕೆ. ನನಗೆ ಕಾಣೋದು ಮೊದಲ ಸಾಲಿನ ಫಿಫ್ಟಿ-ಫಿಫ್ಟಿ. ಇಬ್ಬರು ಇದ್ದಾರೆ ಅಂದಮಾತ್ರಕ್ಕೆ ಅರ್ಧ ಅರ್ಧ ಹೇಗಾಗುತ್ತೆ? ಅದಕ್ಕೆ ಯಾರೂ ನಗಲ್ಲ, ಯಾಕಂದ್ರೆ ಅದನ್ನು ನಾವೂ ದಿನಾ ಹೇಳ್ತೀವಿ, ಅಲ್ವಾ?

ಅದೇ ಮಾತು ಹೇಳಿ ಸಿಕ್ಕಿಬಿದ್ದವರು ವಾಲ್ಟರ್ ವ್ಯಾಗ್ನರ್. ಜಿನೀವಾ ಬಳಿಯ ಲಾರ್ಜ್ ಹ್ಯಾಡ್ರಾನ್ ಕೊಲೈಡರ್ ಅನ್ನೋ, ಕಣಗಳನ್ನು ಡಿಕ್ಕಿ ಹೊಡೆಸುವ ದೈತ್ಯ ಯಂತ್ರ ಭೂಮಿಯನ್ನೇ ನುಂಗಬಹುದು ಅಂತ 2008ರಲ್ಲಿ ಹವಾಯಿ ಕೋರ್ಟಿಗೆ ಹೋಗಿದ್ದವರು. 2009ರಲ್ಲಿ ಅಮೆರಿಕದ ಹಾಸ್ಯ ಟಿವಿ ಕಾರ್ಯಕ್ರಮ 'ದ ಡೈಲಿ ಶೋ'ದ ಜಾನ್ ಆಲಿವರ್ ಆ ಅಪಾಯದ ಚಾನ್ಸ್ ಎಷ್ಟು ಅಂತ ಕೇಳಿದರು. ಆಗುತ್ತೆ ಇಲ್ಲವೇ ಆಗಲ್ಲ, ಹಾಗಾಗಿ ಎರಡರಲ್ಲಿ ಒಂದು ಅಂದರು ವ್ಯಾಗ್ನರ್. ಸಾಧ್ಯತೆಯ ಲೆಕ್ಕ ಹಾಗಿರಲ್ಲ ಅನ್ಸುತ್ತೆ ಅಂತ ಆಲಿವರ್ ಮೆಲ್ಲಗೆ ಹೇಳಿದ್ದೇ ಮೀಮ್‌ಗಳಿಗೆ ಸರಕಾಯಿತು.

ಈ ತಪ್ಪಿಗೆ ವಯಸ್ಸಾಗಿದೆ. 1754ರಲ್ಲಿ ಫ್ರಾನ್ಸಿನ ದೊಡ್ಡ ಗಣಿತಜ್ಞ ದಾಲಂಬೇರ್ ವಿಶ್ವಕೋಶಕ್ಕೆ ಬರೆದ ಲೇಖನದಲ್ಲೇ ಇದೆ. ನಾಣ್ಯವನ್ನು ಎರಡು ಸಲ ಚಿಮ್ಮಿದರೆ ಒಮ್ಮೆಯಾದರೂ ಹೆಡ್ ಬೀಳುವ ಚಾನ್ಸ್ ಎಷ್ಟು? ಮೊದಲ ಸಲವೇ ಹೆಡ್ ಬಿದ್ದರೆ ಆಟ ಮುಗೀತು. ಇಲ್ಲಾಂದ್ರೆ ಟೇಲ್ ಆಮೇಲೆ ಹೆಡ್, ಅಥವಾ ಎರಡೂ ಟೇಲ್. ಮೂರು ದಾರಿ, ಎರಡರಲ್ಲಿ ಗೆಲುವು, ಆದ್ದರಿಂದ 2/3 ಅಂದುಬಿಟ್ಟರು. ಆದರೆ ಮೊದಲ ದಾರಿಯೊಂದಕ್ಕೇ ಅರ್ಧ ಪಾಲು ಹೋಗುತ್ತೆ, ಉಳಿದೆರಡಕ್ಕೆ ಕಾಲು ಕಾಲು. ಸರಿ ಉತ್ತರ 3/4.