ನದಿ ನೀರು ಸಮುದ್ರ ಸೇರಿದರೆ ಸುಮ್ನೆ ಹಾಳಾದಂತೆಯೇ?

ಪ್ರಶ್ನೆ: ಮಳೆಗಾಲದಲ್ಲಿ ಹರಿಹರದ ಸೇತುವೆ ಮೇಲೆ ನಿಂತರೆ ತುಂಗಭದ್ರೆ ಕೆಂಪಗೆ ತುಂಬಿ ಹರಿಯುತ್ತಿರುತ್ತದೆ. ಬೇಸಿಗೆಗೆ ನಮ್ಮ ನಾಲೆ ಒಣಗಿರುತ್ತದೆ. ಸಮುದ್ರಕ್ಕೆ ಹೋಗೋ ನೀರನ್ನೆಲ್ಲ ಇಲ್ಲೇ ನಿಲ್ಲಿಸಿಕೊಂಡರೆ ಯಾರಿಗೇನು ನಷ್ಟ?

ಉತ್ತರ: ಭದ್ರಾ ನಾಲೆಯ ಕೊನೆ ಭಾಗದ ರೈತರ ಗೋಳು ದಾವಣಗೆರೆಯವರಿಗೆ ಹೊಸದಲ್ಲ. ಮೇಲಿನವರು ತೂಬು ಎತ್ತುತ್ತಾರೆ, ಪಂಪ್‌ಸೆಟ್ ಇಟ್ಟು ಅಡಿಕೆ ತೋಟಕ್ಕೆ ಎಳೆಯುತ್ತಾರೆ. ಮಲೇಬೆನ್ನೂರು ಕಡೆ ಬರುವಷ್ಟರಲ್ಲಿ ಪಾದ ಮುಳುಗುವಷ್ಟೂ ನೀರಿರುವುದಿಲ್ಲ. ಈಗ ಇಡೀ ನದಿಯನ್ನೇ ಒಂದು ನಾಲೆ ಅಂದುಕೊಳ್ಳಿ. ಅದರ ಕೊನೆ ಭಾಗದಲ್ಲಿ ಯಾರಿದ್ದಾರೆ?

ನಮ್ಮ ನೀರು ಹೊಸಪೇಟೆ ಜಲಾಶಯ ದಾಟಿ, ಕರ್ನೂಲಿನ ಕೆಳಗೆ ಕೃಷ್ಣೆಯನ್ನು ಸೇರುತ್ತದೆ. ಹಿರಿಯೂರಿನ ವೇದಾವತಿಯೂ ಹಗರಿಯಾಗಿ ಇದೇ ದಾರಿ ಹಿಡಿಯುತ್ತದೆ. ಶ್ರೀಶೈಲ, ನಾಗಾರ್ಜುನ ಸಾಗರ, ವಿಜಯವಾಡದ ಬ್ಯಾರೇಜ್, ಎಲ್ಲರ ಪಾಲು ಮುಗಿದು ಉಳಿದದ್ದು ಆಂಧ್ರದ ಹಂಸಲದೀವಿ ಬಳಿ ಬಂಗಾಳ ಕೊಲ್ಲಿಗೆ ಬೀಳುತ್ತದೆ. 2001ರಿಂದ 2004ರ ಬರದಲ್ಲಿ ಹಾಗೆ ಉಳಿದದ್ದು ಹೆಚ್ಚುಕಡಿಮೆ ಏನೂ ಇರಲಿಲ್ಲ.

ಅಲ್ಲಿರುವುದು ಕಾಂಡ್ಲಾ ಕಾಡು, ಅಂದರೆ ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಮ್ಯಾಂಗ್ರೋವ್ ಗಿಡಗಳ ಕಾಡು. ಕೆಸರಿನಿಂದ ಪೆನ್ಸಿಲ್ ಚುಚ್ಚಿಟ್ಟ ಹಾಗೆ ಬೇರುಗಳು ಮೇಲೆದ್ದು ಉಸಿರಾಡುತ್ತವೆ. ಕೆಲವು ಗಿಡಗಳ ಎಲೆ ಮುಟ್ಟಿದರೆ ಬೆರಳಿಗೆ ಉಪ್ಪು ಅಂಟುತ್ತದೆ, ಹೀರಿದ ಉಪ್ಪನ್ನು ಅವು ಎಲೆಯಿಂದ ಹೊರಹಾಕುತ್ತವೆ. ಆದರೆ ಅದಕ್ಕೂ ಮಿತಿ ಇದೆ. ಸಿಹಿನೀರು ಬೆರೆಯದಿದ್ದರೆ ಎಳೆ ಸಸಿ ಮೇಲೇಳುವುದಿಲ್ಲ. ಸಿಗಡಿ, ಮೀನಿನ ಮರಿಗಳು ಬೆಳೆಯುವುದೂ ಆ ಉಪ್ಪು-ಸಿಹಿ ಬೆರಕೆ ನೀರಿನಲ್ಲೇ.

ಇನ್ನು ನೀವು ಕಂಡ ಆ ಕೆಂಪು ಬಣ್ಣ. ಅದು ಮಣ್ಣು. ಹೊಸಪೇಟೆ ಜಲಾಶಯ 1953ರಲ್ಲಿ ಶುರುವಾದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿತ್ತು, ಹೂಳು ತುಂಬಿ ಈಗ ಸುಮಾರು 105. ನಮಗೆ ಅದು ತಲೆನೋವಿನ ಹೂಳು, ಕೃಷ್ಣೆ ಸಮುದ್ರ ಸೇರುವಲ್ಲಿ ಅದೇ ನೆಲ. ಮಣ್ಣು ಬರುವುದು ನಿಂತರೆ ಅಲೆ ದಡವನ್ನು ಕೊರೆಯುತ್ತದೆ. 1977ರ ನವೆಂಬರ್ ಚಂಡಮಾರುತದಲ್ಲಿ ಸಮುದ್ರ ಉಕ್ಕಿ ಅಲ್ಲಿನ ದಿವಿಸೀಮೆಗೆ ನುಗ್ಗಿತ್ತು. ಸತ್ತವರು ಸಾವಿರಾರು. ಅಂಥ ಅಲೆಯ ರಭಸ ಮುರಿಯುವುದು ಈ ಕಾಡೇ.

ಹವಾಮಾನ ಬದಲಾವಣೆ ಎರಡೂ ಕಡೆಯಿಂದ ಒತ್ತುತ್ತಿದೆ. ಕೆಳಗೆ ಸಮುದ್ರಮಟ್ಟ ಏರುತ್ತಿದೆ, ನದಿಯಲ್ಲಿ ನೀರಿಲ್ಲದಾಗ ಉಪ್ಪುನೀರು ಹಿಮ್ಮುಖವಾಗಿ ಒಳಗೆ ಬರುತ್ತದೆ. ಮೇಲೆ ಮಳೆಯ ಲೆಕ್ಕ ತಪ್ಪಿದೆ. 2022ರಲ್ಲಿ ವಾಣಿವಿಲಾಸ ಸಾಗರ 89 ವರ್ಷದ ಮೇಲೆ ಕೋಡಿ ಬಿತ್ತು, ಮರುವರ್ಷವೇ ಬರ. ಕಾಂಡ್ಲಾಕ್ಕೆ ಬೇಕಿರುವುದು ಹೀಗೆ ಒಂದೇ ಸಲದ ಪ್ರವಾಹ ಅಲ್ಲ, ಬೇಸಿಗೆಯಲ್ಲೂ ಬರುವ ಸಣ್ಣ ಹರಿವು.

ಹಾಗಾದರೆ ಭತ್ತ ಬಿಡಬೇಕಾ? ಬೇಡ. ಸದಾ ನೀರು ನಿಲ್ಲಿಸದೆ, ಗದ್ದೆ ಸ್ವಲ್ಪ ಆರಿದ ಮೇಲೆ ಮತ್ತೆ ಕಟ್ಟಿದರೂ ಭತ್ತ ಬರುತ್ತದೆ, ನೀರೂ ಉಳಿಯುತ್ತದೆ. ತೊಂದರೆ ಅಂದರೆ, ಹಾಗೆ ಉಳಿದದ್ದು ಯಾರದೋ ಹೊಸ ಅಡಿಕೆ ಸಸಿಗೆ ಹೋಗುತ್ತದೆ, ಹಂಸಲದೀವಿಗಲ್ಲ. ನಾಲೆಗೆ ಸರದಿ ಬರೆದಿಡುವ ಹಾಗೆ ನದಿಗೂ ಒಂದು ಪಾಲು ಬರೆದಿಡಬೇಕು. ಕೃಷ್ಣಾ ಎರಡನೇ ನ್ಯಾಯಮಂಡಳಿ 2010ರಲ್ಲಿ ಕನಿಷ್ಠ ಹರಿವಿಗೆಂದು ಅಂಥದ್ದೊಂದು ಪಾಲು ಇಟ್ಟಿತ್ತು. ರಾಜ್ಯಗಳು ಸುಪ್ರೀಂ ಕೋರ್ಟ್ ಮೆಟ್ಟಿಲೇರಿದವು, ತೀರ್ಪು ಅಲ್ಲೇ ನಿಂತಿತು.