ತ್ರೀ ಬಿಎಚ್‌ಕೆಗೂ ಒಂದೇ ಓಟು ಯಾಕೆ?

ಗಣಪತಿ ಹಬ್ಬದ ಹೊತ್ತಿಗೆ ಈ ಪ್ರಶ್ನೆ ಬಂದೇ ಬರುತ್ತದೆ. ಸೆಪ್ಟೆಂಬರ್ 30ರೊಳಗೆ ಹೌಸಿಂಗ್ ಸೊಸೈಟಿಯ, ಅಂದರೆ ಫ್ಲಾಟಿನವರ ಸಹಕಾರಿ ಸಂಘದ, ವಾರ್ಷಿಕ ಸಭೆ ಮುಗಿಸಬೇಕಲ್ಲ! ಈ ಸಲ ಕೇಳಿದವರು ಮುಂಬೈ ಪಕ್ಕದ ಡೊಂಬಿವಲಿಯವರು: "ನಮ್ಮದು ತ್ರೀ ಬಿಎಚ್‌ಕೆ. ಕೆಳಗಿನ ಮನೆಯವರದು ಒನ್ ಆರ್‌ಕೆ, ಒಂದೇ ರೂಮು, ಒಂದು ಅಡುಗೆಮನೆ. ಓಟು ಇಬ್ಬರಿಗೂ ಒಂದೇ. ಇದ್ಯಾವ ನ್ಯಾಯ ಸರ್?"

ಹೋದ ವರ್ಷ ಮುಲುಂಡ್‌ನವರಿಗೆ ಹೇಳಿದ್ದನ್ನೇ ಹೇಳುತ್ತೇನೆ. ಮಹಾರಾಷ್ಟ್ರದ 1960ರ ಸಹಕಾರಿ ಕಾಯ್ದೆಯ 27ನೇ ಕಲಂ ನೋಡಿ. ಒಬ್ಬ ಸದಸ್ಯ, ಒಂದು ಓಟು.

"ಷೇರ್ ಸರ್ಟಿಫಿಕೇಟ್ ಕೊಟ್ಟಿದ್ದಾರೆ, ಅಂದ್ರೆ ಕಂಪನಿ ಇದ್ದಂಗೆ ಅಲ್ವಾ?" ಅಲ್ಲ. ಎಷ್ಟು ಸಲ ಹೇಳಲಿ, ಅಲ್ಲ! ಕಂಪನಿಯಲ್ಲಿ ಓಟು ಷೇರಿಗೆ. ನೂರು ಷೇರಿದ್ದರೆ ನೂರು ಓಟು. ಸೊಸೈಟಿಯಲ್ಲಿ ಓಟು ಮನುಷ್ಯನಿಗೆ. ಬೀರುವಿನಿಂದ ಆ ಸರ್ಟಿಫಿಕೇಟ್ ತೆಗೆದು ನೋಡಿ. ಸಾಮಾನ್ಯವಾಗಿ 50 ರೂಪಾಯಿಯ ಕೆಲವು ಷೇರುಗಳು, ಅಷ್ಟೇ. ಒನ್ ಆರ್‌ಕೆಯವರ ಹತ್ತಿರವೂ ಅಷ್ಟೇ ಇರುತ್ತವೆ.

"ಮೇಂಟೆನನ್ಸ್ ಜಾಸ್ತಿ ಕೊಡ್ತೀವಲ್ಲ?" ವಾಚ್‌ಮನ್ ಸಂಬಳ, ಲಿಫ್ಟಿನ ಖರ್ಚು ಎಲ್ಲ ಫ್ಲಾಟಿಗೂ ಸಮ. ನೀರಿನದು ನಲ್ಲಿಗಳ ಲೆಕ್ಕ. ಮನೆಯಲ್ಲಿ ಮೂರು ಬಾತ್‌ರೂಮ್ ಇದ್ದರೆ ನೀರಿನ ಬಿಲ್ಲು ಏರುತ್ತದೆ. ಅದಕ್ಕೆ ಓಟು ಯಾಕೆ ಏರಬೇಕು?

ಈ ಜಗಳ ಇಂಗ್ಲೆಂಡಿನ ರೋಚ್‌ಡೇಲ್‌ನಲ್ಲಿ 1844ರಲ್ಲೇ ಬಗೆಹರಿದಿದೆ. ಅಂಗಡಿಯವರ ಕಲಬೆರಕೆಗೆ ಬೇಸತ್ತ 28 ಜನ, ಅವರಲ್ಲಿ ನೇಕಾರರೂ ಇದ್ದರು, ತಲಾ ಒಂದು ಪೌಂಡ್ ಹಾಕಿ ಸಹಕಾರಿ ಅಂಗಡಿ ತೆರೆದು ಬೆಣ್ಣೆ, ಸಕ್ಕರೆ, ಹಿಟ್ಟು, ಮೇಣದಬತ್ತಿ ಮಾರಲು ಕೂತರು. ಲಾಭ ಹಂಚಿದ್ದು ಖರೀದಿಯ ಮೇಲೆ. ಜಾಸ್ತಿ ಕೊಂಡವರಿಗೆ ಜಾಸ್ತಿ ಸಿಗುತ್ತಿತ್ತು. ಓಟು ಮಾತ್ರ ಎಲ್ಲರಿಗೂ ಒಂದೇ. ಇಲ್ಲದಿದ್ದರೆ ದುಡ್ಡಿದ್ದ ಯಾರೋ ಒಬ್ಬ ಅಂಗಡಿಯನ್ನೇ ನುಂಗಿ, ಮತ್ತೆ ಹಿಟ್ಟಿಗೆ ಏನೋ ಬೆರೆಸುತ್ತಿದ್ದ. ಹೆಂಗಸರೂ ಸದಸ್ಯರಾಗಬಹುದಿತ್ತು. ಅಲ್ಲಿನ ಪಾರ್ಲಿಮೆಂಟಿಗೆ ಓಟು ಹಾಕಲು ಅವರು 1918ರವರೆಗೆ ಕಾಯಬೇಕಾಯಿತು.

ಯಾರೂ ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಸೊಸೈಟಿ ಅನ್ನುವುದನ್ನು ನಾವು ಮುಂಬೈಗೆ ಬಂದು ಕಲಿತೆವು ಅಂತ ನಮ್ಮ ಕನ್ನಡದವರೇ ಹೇಳುತ್ತಾರೆ. ಇಲ್ಲಿನ ಗಾಮ್‌ದೇವಿಯಲ್ಲಿ 1915ರಲ್ಲಿ ಸಾರಸ್ವತ ಗೃಹ ಸೊಸೈಟಿ ಕಟ್ಟಿದ ಎಸ್. ಎಸ್. ತಲ್ಮಕಿ ಯಾರು? ಉತ್ತರ ಕನ್ನಡದ ಕಡೆಯಿಂದ ಬಂದ ಚಿತ್ರಾಪುರ ಸಾರಸ್ವತರ ಪೈಕಿಯವರು. 1906ರಲ್ಲೇ ಅವರು ತಮ್ಮ ಗುರು ಶಾಮರಾವ್ ವಿಠಲರ ಹೆಸರಿನಲ್ಲಿ ಸಾಲದ ಸೊಸೈಟಿಯನ್ನೂ ಶುರು ಮಾಡಿದ್ದರು. ಅದಕ್ಕೂ ಒಂದು ವರ್ಷ ಮೊದಲು, 1905ರಲ್ಲಿ, ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ರೈತರ ಸಾಲದ ಸಂಘ ಕಟ್ಟಿದ್ದರು. ದೇಶದಲ್ಲೇ ಮೊದಲನೆಯದು ಅಂತ ಅದಕ್ಕೆ ಹೆಸರು. ಆಗ ಆ ಊರೂ ಮುಂಬೈ ಪ್ರಾಂತ್ಯದಲ್ಲೇ ಇತ್ತು, ಬಿಡಿ.