ಎಂ.ಸಿ.ಬಿ.ಗೆ ಕಾಣದ ಬಿಸಿ

ರಾತ್ರಿ ಎಲೆಕ್ಟ್ರಿಕ್ ಕಾರನ್ನು ಚಾರ್ಜಿಗೆ ಹಾಕಿದರೆ ಅರ್ಧಕ್ಕೇ ನಿಂತುಹೋಗುತ್ತದೆ, ಚಾರ್ಜರ್ ಕೆಟ್ಟಿರಬೇಕು ಎಂದು ಒಬ್ಬರು ನನ್ನನ್ನು ಕರೆಸಿದ್ದರು. ಚಾರ್ಜರ್ ಚೆನ್ನಾಗಿಯೇ ಇತ್ತು. ಮೇನ್ ಆಫ್ ಮಾಡಿ ಪ್ಲಗ್ ಎಳೆದೆ, ಬರಲಿಲ್ಲ. ಅಲ್ಲಾಡಿಸಿ ಅಲ್ಲಾಡಿಸಿ ಕಿತ್ತೆ. ಒಂದು ಪಿನ್ ಹೊಸದರ ಹಾಗೆ ಹೊಳೆಯುತ್ತಿತ್ತು, ಇನ್ನೊಂದು ಕಪ್ಪಾಗಿತ್ತು. ಸಾಕೆಟ್ಟಿನಲ್ಲಿ ಆ ಪಿನ್ ಕೂರುವ ತೂತಿನ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಉಬ್ಬಿಕೊಂಡಿತ್ತು. ಪ್ಲೇಟ್ ಬಿಚ್ಚಿ ನೋಡಿದರೆ, ಒಳಗೆ ವೈರ್ ಹಿಡಿಯುವ ಸ್ಕ್ರೂ ಮುಕ್ಕಾಲು ಸುತ್ತು ಸಡಿಲವಾಗಿತ್ತು. ಆಗಿದ್ದು ಅಷ್ಟೇ. ಅವರ ಅದೃಷ್ಟಕ್ಕೆ ಆ ಪ್ಲಗ್ಗಿನೊಳಗೆ ಬಿಸಿ ಗುರುತಿಸುವ ಸೆನ್ಸರ್ ಇತ್ತು, ಅದೇ ಚಾರ್ಜಿಂಗ್ ನಿಲ್ಲಿಸುತ್ತಿತ್ತು. ಎಲ್ಲ ಪ್ಲಗ್‌ಗಳಲ್ಲೂ ಅದು ಇರುವುದಿಲ್ಲ.

'ಎಂ.ಸಿ.ಬಿ. ಯಾಕೆ ಟ್ರಿಪ್ ಆಗಲಿಲ್ಲ?' ಎಂದು ಅವರು ಕೇಳಿದರು. ಸರಿಯಾದ ಪ್ರಶ್ನೆ. ಎಂ.ಸಿ.ಬಿ. ಎಂದರೆ ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ, ಬೋರ್ಡಿನಲ್ಲಿರುವ ಸ್ವಿಚ್. ಅದು ನೋಡುವುದು ಲೈನಿನಲ್ಲಿ ಎಷ್ಟು ಕರೆಂಟ್ ಹರಿಯುತ್ತಿದೆ ಎಂದು ಮಾತ್ರ. ಕಾರು ಎಳೆಯುತ್ತಿದ್ದುದು 15 ಆಂಪಿಯರ್, ಲೈನ್ ಇದ್ದುದು 16ಕ್ಕೆ. ಅದರ ಲೆಕ್ಕದಲ್ಲಿ ಎಲ್ಲವೂ ಸರಿ ಇತ್ತು. ದೂರದ ಸಾಕೆಟ್ಟಿನ ಒಂದು ಸ್ಕ್ರೂ ಕಾಯುತ್ತಿರುವುದು ಅದಕ್ಕೆ ಗೊತ್ತಾಗುವುದೇ ಇಲ್ಲ.

ಆ ಸಡಿಲ ಜಾಗದಲ್ಲಿ 0.1 ಓಮ್ ರೆಸಿಸ್ಟೆನ್ಸ್ ಇದೆ ಎಂದುಕೊಳ್ಳಿ. ಕರೆಂಟಿನ ವರ್ಗವನ್ನು ಅದರಿಂದ ಗುಣಿಸಿದರೆ ಅಲ್ಲಿ ಹುಟ್ಟುವ ಬಿಸಿ ಸಿಗುತ್ತದೆ. 15ರ ವರ್ಗ 225, ಅದಕ್ಕೆ 0.1 ಎಂದರೆ 22.5 ವ್ಯಾಟ್. ರೇಡಿಯೋ ರಿಪೇರಿಗೆ ಬಳಸುವ ಸೋಲ್ಡರಿಂಗ್ ಐರನ್ ಸಾಮಾನ್ಯವಾಗಿ 25 ವ್ಯಾಟಿನದು. ಅಂಥದ್ದೊಂದನ್ನು ಸಾಕೆಟ್ಟಿನೊಳಗೆ ಇಟ್ಟು ರಾತ್ರಿಯಿಡೀ ಮಲಗಿದ ಹಾಗಾಯಿತು, ಅಲ್ವಾ?

'ಇದೇ ಪಾಯಿಂಟಿನಲ್ಲಿ ಗೀಸರ್ ಓಡುತ್ತಿತ್ತಲ್ಲ' ಎನ್ನುವವರು ಜಾಸ್ತಿ. ಗೀಸರ್ ಸ್ವಲ್ಪ ಹೊತ್ತು ಓಡಿ ಕಟ್ ಆಗುತ್ತದೆ, ಸಾಕೆಟ್ ತಣ್ಣಗಾಗಲು ಸಮಯ ಸಿಗುತ್ತದೆ. ಕಾರು ಎಂಟು ಗಂಟೆ ಒಂದೇ ಸಮ ಎಳೆಯುತ್ತದೆ. ಮನೆಯ ಬೇರೆ ಯಾವ ಸಾಮಾನೂ ಇಷ್ಟು ಕರೆಂಟನ್ನು ಇಷ್ಟು ಹೊತ್ತು ಎಳೆಯುವುದು ಅಪರೂಪ. ದಿನವೂ ಬಿಸಿಯಾಗಿ, ತಣ್ಣಗಾಗಿ, ಮತ್ತೆ ಬಿಸಿಯಾಗಿ ಸ್ಕ್ರೂ ತಾನೇ ಸಡಿಲವಾಗುತ್ತಾ ಹೋಗುತ್ತದೆ. ಸಡಿಲವಾದಷ್ಟೂ ಬಿಸಿ ಜಾಸ್ತಿ.

ಹಾಗಾಗಿ ಕಾರಿಗೆ ಮೀಟರ್ ಬೋರ್ಡಿನಿಂದ ನೇರವಾಗಿ ಬೇರೆಯೇ ಲೈನ್ ಎಳೆಸಿ. ಅದರಲ್ಲಿ ಇನ್ನೇನನ್ನೂ ಸೇರಿಸಬೇಡಿ. ಸಾಕೆಟ್ ಗಟ್ಟಿಯಾದದ್ದು ಇರಲಿ, ತಾಸುಗಟ್ಟಲೆ ಪೂರ್ತಿ ಲೋಡ್ ತಡೆಯುವಂಥದ್ದು. ವೈರಿನ ತುದಿಗೆ ಲಗ್ (ಲೋಹದ ಟೊಪ್ಪಿ) ಒತ್ತಿಸಿ ಕೂರಿಸಲು ಹೇಳಿ. ತಿಂಗಳಾದ ಮೇಲೆ ಎಲೆಕ್ಟ್ರಿಷಿಯನ್ ಒಮ್ಮೆ ಬಂದು ಸ್ಕ್ರೂಗಳನ್ನು ಮತ್ತೆ ಬಿಗಿ ಮಾಡಲಿ. ಈ ಕೊನೆಯದನ್ನು ಯಾರೂ ಮಾಡಿಸುವುದಿಲ್ಲ, ನನಗೆ ಬೇಜಾರಾಗುವುದು ಅದಕ್ಕೇ. ಚಾರ್ಜ್ ಶುರುವಾಗಿ ಒಂದು ಗಂಟೆ ಆದ ಮೇಲೆ ಪ್ಲಗ್ಗಿನ ಹೊರಮೈಯನ್ನು ಹಿಂಗೈಯಿಂದ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಚಿಂತೆಯಿಲ್ಲ. ಕೈ ಇಟ್ಟುಕೊಳ್ಳಲು ಆಗದಿದ್ದರೆ ಮೇನ್ ಆಫ್ ಮಾಡಿ. ಸುಟ್ಟ ವಾಸನೆ ಬರುತ್ತಿದ್ದರೆ ಮುಟ್ಟಲೂ ಹೋಗಬೇಡಿ, ಮೊದಲು ಮೇನ್.

ಎಕ್ಸ್‌ಟೆನ್ಷನ್ ಬಾಕ್ಸ್ ಬೇಡವೇ ಬೇಡ. ಸುತ್ತಿಟ್ಟ ವೈರಿನ ಬಿಸಿ ಹೊರಗೆ ಹೋಗದೆ ಸುರುಳಿಯೊಳಗೇ ಸೇರಿಕೊಳ್ಳುತ್ತದೆ.

ಇನ್ನು ವೇಗದ ಮಾತು. ತುಂಬಾ ಜನ ಕಾರು ಬಂದ ವಾರವೇ 7.4 ಕಿಲೋವ್ಯಾಟಿನ ವಾಲ್ ಬಾಕ್ಸ್, ಅಂದರೆ ಗೋಡೆಗೆ ಕೂರಿಸುವ ಚಾರ್ಜರ್ ಬೇಕು ಎನ್ನುತ್ತಾರೆ. ಅದು 32 ಆಂಪಿಯರ್ ಎಳೆಯುತ್ತದೆ. ಅದಕ್ಕೆ ದಪ್ಪ ವೈರ್ ಬೇಕು, ಮೀಟರಿನ ಲೋಡೂ ಸಾಲಬೇಕು. ನಾನು ಕೇಳುವುದು, ದಿನಕ್ಕೆ ಎಷ್ಟು ಕಿಲೋಮೀಟರ್ ಓಡಿಸುತ್ತೀರಿ ಎಂದು. ನಲವತ್ತು ಎನ್ನಿ. ಒಂದು ಯೂನಿಟ್‌ಗೆ 6 ಕಿಲೋಮೀಟರ್ ಹಿಡಿದರೆ ಬೇಕಾದ್ದು ಏಳು ಯೂನಿಟ್, ಚಾರ್ಜ್ ಆಗುವಾಗ ಸೋರುವುದು ಸೇರಿ ಎಂಟು. 230 ವೋಲ್ಟಿನಲ್ಲಿ 10 ಆಂಪಿಯರ್ ಎಂದರೆ 2.3 ಕಿಲೋವ್ಯಾಟ್. ಮೂರೂವರೆ ಗಂಟೆ ಸಾಕು! ಕಾರು ನಿಂತಿರುವುದು ರಾತ್ರಿಯೆಲ್ಲ. ಎಷ್ಟೋ ಕಾರುಗಳ ಸೆಟ್ಟಿಂಗ್‌ನಲ್ಲಿ ಆಂಪಿಯರ್ ಇಳಿಸಬಹುದು. 15ರಿಂದ 10ಕ್ಕೆ ಇಳಿಸಿದರೆ ಆ ಸ್ಕ್ರೂ ಹತ್ತಿರದ ಬಿಸಿ 22.5 ವ್ಯಾಟಿನಿಂದ 10ಕ್ಕೆ ಇಳಿಯುತ್ತದೆ, ಅರ್ಧಕ್ಕಿಂತ ಕಡಿಮೆ. ದಿನವೂ ನೂರೈವತ್ತು ಕಿಲೋಮೀಟರ್ ಓಡಿಸುವವರ ಕಥೆ ಬೇರೆ, ಅವರು ವಾಲ್ ಬಾಕ್ಸ್ ಹಾಕಿಸಿಕೊಳ್ಳಲಿ.

ಆ ಲೈನಿಗೆ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಇರಲೇಬೇಕು, ಅಂದರೆ ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್. ಕೊಳ್ಳುವಾಗ ಟೈಪ್ ಎ ಎಂದು ಕೇಳಿ. ಕಾರಿನ ಕಡೆಯಿಂದ ಡಿ.ಸಿ. (ಬ್ಯಾಟರಿಯ ಹಾಗೆ ಒಂದೇ ದಿಕ್ಕಿಗೆ ಹರಿಯುವ ಕರೆಂಟ್) ಸೋರಿದರೆ ಹಳೆಯ ಎ.ಸಿ. ಟೈಪಿನದು ಮಂಕಾಗಿ ಟ್ರಿಪ್ ಆಗದೇ ಇರಬಹುದು. ಟೈಪ್ ಎ ಕೂಡ 6 ಮಿಲಿ ಆಂಪಿಯರ್ ಡಿ.ಸಿ. ದಾಟಿದರೆ ನಂಬಿಕೆಗೆ ಅರ್ಹವಲ್ಲ. ಒಳ್ಳೆಯ ಚಾರ್ಜರುಗಳಲ್ಲಿ ಅದನ್ನು ಹಿಡಿಯುವ ಸೌಲಭ್ಯ ಇರುತ್ತದೆ, ಇದೆಯೇ ಎಂದು ನೋಡಿಕೊಳ್ಳಿ.

ಅರ್ಥಿಂಗ್ ವಿಷಯದಲ್ಲಂತೂ ನಾನು ಯಾರ ಜೊತೆಗೂ ರಾಜಿ ಆಗುವುದಿಲ್ಲ. ಅರ್ಥ್ ಸಿಗದಿದ್ದರೆ ಎಷ್ಟೋ ಚಾರ್ಜರುಗಳು ಕೆಂಪು ದೀಪ ತೋರಿಸಿ ಸುಮ್ನೆ ಕೂರುತ್ತವೆ. ಆಗ ಯಾರೋ ಒಬ್ಬ ಬಂದು ಸಾಕೆಟ್ಟಿನ ಹಿಂದೆ ನ್ಯೂಟ್ರಲ್‌ನಿಂದ (ಕರೆಂಟ್ ವಾಪಸ್ ಹೋಗುವ ವೈರ್) ಅರ್ಥ್ ಪಿನ್ನಿಗೆ ಒಂದು ತುಂಡು ವೈರ್ ಸೇರಿಸುತ್ತಾನೆ. ದೀಪ ಹಸಿರಾಗುತ್ತದೆ, ಕಾರು ಚಾರ್ಜ್ ಆಗುತ್ತದೆ, ಮನೆಯವರಿಗೆ ಖುಷಿ. ಮುಂದೆ ಯಾವತ್ತಾದರೂ ಬೋರ್ಡಿನ ಕಡೆ ನ್ಯೂಟ್ರಲ್ ಕಡಿದುಹೋದರೆ, ಆ ತುಂಡು ವೈರಿನ ಮೂಲಕ ಕಾರಿನ ಬಾಡಿಗೇ ಕರೆಂಟ್ ಬರುತ್ತದೆ. ಬರಿಗಾಲಿನಲ್ಲಿ ಬಂದು ಬಾಗಿಲಿನ ಹಿಡಿಗೆ ಕೈ ಹಾಕುವುದು ಮಗುವೂ ಆಗಿರಬಹುದು. ಇಂಥ ವೈರನ್ನು ನಾನೇ ಎಷ್ಟೋ ಕಡೆ ಕಿತ್ತಿದ್ದೇನೆ. ನಿಮ್ಮ ಮನೆಯಲ್ಲೂ ಯಾರಾದರೂ ಹೀಗೆ ಮಾಡಿಕೊಟ್ಟಿದ್ದರೆ ಇವತ್ತೇ ಬಿಚ್ಚಿಸಿ. ಅರ್ಥಿಂಗ್ ಸರಿಯಾಗುವವರೆಗೆ ಹೊರಗಿನ ಚಾರ್ಜಿಂಗ್ ಸ್ಟೇಷನ್‌ನಲ್ಲೇ ಚಾರ್ಜ್ ಮಾಡಿಕೊಳ್ಳಿ.